ಎಲೆಯ ಅಡಿ ತೋರಿಸುವ ತಾಳಕ್ಕ

ಬಿಸಿಲು ಇನ್ನೂ ಹೊಲಕ್ಕೆ ಇಳಿದಿಲ್ಲ. ಅಲಸಂದೆ ಸಾಲುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತ ಹೆಂಗಸೊಬ್ಬರು ಎಲೆಯೊಂದನ್ನು ಮೆಲ್ಲಗೆ ಮಗುಚುತ್ತಾರೆ, ಮಲಗಿದ ಮಗುವಿನ ಮಗ್ಗುಲು ಬದಲಿಸುವ ಹಾಗೆ. ಕೊರಳಿನ ದಾರದಲ್ಲಿ ಪುಟ್ಟ ಭೂತಗನ್ನಡಿ ತೂಗುತ್ತಿದೆ. ಬಟ್ಟೆಯ ಅಂಚು ಇಬ್ಬನಿಗೆ ಮೊಣಕಾಲಿನವರೆಗೂ ತೊಯ್ದಿದೆ. ಇವರು ಕೃಷಿ ಇಲಾಖೆಯ ಸಹಾಯಕಿ. ಹದಿನೆಂಟು ಊರುಗಳ ಹೊಲಗಳಿಗೆ ಇವರೊಬ್ಬರೇ.

ಪಕ್ಕದಲ್ಲಿ ಹೊಲದೊಡತಿ ನಿಂತಿದ್ದಾರೆ. ಬದುವಿನ ಮೇಲೆ ಅವರ ಗಂಡ, ಔಷಧಿ ತುಂಬಿದ ಪಂಪನ್ನು ಆಗಲೇ ಬೆನ್ನಿಗೇರಿಸಿಕೊಂಡು ಸಿದ್ಧವಾಗಿದ್ದಾರೆ. ಬಳ್ಳಿಯ ಕುಡಿಗಳೆಲ್ಲ ಕರಿಹೇನು ಮುತ್ತಿ ಮಸಿ ಬಳಿದಂತಿವೆ. ಅದರ ಮೇಲೆ ನಿನ್ನೆ ಸಂಜೆಯಿಂದ ಇನ್ನೊಂದು ಹುಳ: ಕಪ್ಪು ಮೈ, ಕಿತ್ತಳೆ ಚುಕ್ಕೆ, ನೋಡಲು ಮೊಸಳೆಯ ಮರಿಯಂತೆ. ಬದುವಿನ ಪಕ್ಕದ ಎರಡು ಸಾಲಿನಲ್ಲಿ ಕತ್ತಲಾಗುವವರೆಗೂ ಹುಡುಕಿ ಹುಡುಕಿ ಆ ಹುಳಗಳನ್ನು ಹೊಸಕಿ ಹಾಕಿದ್ದೇನೆಂದು ಹೊಲದೊಡತಿ ಹೆಬ್ಬೆರಳಿನ ಕಲೆ ತೋರಿಸುತ್ತಾರೆ.

ಸಹಾಯಕಿ ಭೂತಗನ್ನಡಿಯನ್ನು ಕೊರಳಿನಿಂದ ತೆಗೆದು ಆಕೆಯ ಕೈಗಿಡುತ್ತಾರೆ.

"ಏನು ಮಾಡ್ತಿದೆ ನೋಡು ತಂಗಿ."

ಹೊಲದೊಡತಿ ತುಂಬ ಹೊತ್ತು ನೋಡುತ್ತಾರೆ. "ತಿಂತಾ ಇದೆ."

"ಎಲೇನಾ?"

"ಇಲ್ಲ... ಹೇನನ್ನ."

"ಗುಲಗಂಜಿ ಹುಳ ಗೊತ್ತಲ್ಲ, ಕೆಂಪಗೆ ದುಂಡಗೆ ಇರುತ್ತೆ? ಅದರ ಮಕ್ಕಳು ಇವು. ಅಮ್ಮನಷ್ಟು ಚೆಂದ ಇಲ್ಲ, ಅಷ್ಟೇ."

"ನಮ್ಮನೇಲೂ ಹಾಗೇ," ಎಂದು ಬದುವಿನಿಂದ ಗಂಡನ ದನಿ ಬರುತ್ತದೆ.

"ಹಾಗಿದ್ರೆ ಅಪ್ಪನ ಹೋಲಿಕೆ ಇರ್ಬೇಕು," ಎನ್ನುತ್ತಾರೆ ಹೆಂಡತಿ, ಕನ್ನಡಿಯಿಂದ ಕಣ್ಣು ತೆಗೆಯದೆ.

ನಗು ಅಲ್ಲಿಗೇ ನಿಲ್ಲುತ್ತದೆ. ಈ ವರ್ಷ ಈ ಮನೆಗಿರುವುದು ಇದೊಂದೇ ಬೆಳೆ, ಅದೂ ಈಗ ಹೂವಿಗೆ ಬಂದಿದೆ. ಕುಡಿ ಮುರುಟಿದರೆ ಕಾಯಿಯ ಮಾತೇ ಇಲ್ಲ. ಆದರೂ ಸಹಾಯಕಿ ನಾಲ್ಕು ದಿನ ತಾಳಿ ಎನ್ನುತ್ತಾರೆ. ಔಷಧಿ ಹೊಡೆದರೆ ಹೇನೂ ಸಾಯುತ್ತದೆ, ಹೇನು ತಿನ್ನುವುದೂ ಸಾಯುತ್ತದೆ. ಹೇನು ವಾರದೊಳಗೆ ಮತ್ತೆ ಹುಟ್ಟಿ ಬರುತ್ತದೆ, ಕಾವಲಿನ ಹುಳ ಅಷ್ಟು ಬೇಗ ಬರುವುದಿಲ್ಲ.

ಗಂಡ ಪಂಪು ಇಳಿಸುವುದಿಲ್ಲ. "ನಮ್ಮ ತಂಗಿಯ ಬದನೆ ಹೊಲದಲ್ಲೂ ಇದೇ ಮಾತು ಹೇಳಿದ್ರಿ ಮೇಡಂ. ಅರ್ಧ ಹೊಲ ಹೋಯ್ತು."

"ಹೌದಣ್ಣ, ಹೇಳಿದ್ದೆ. ತಪ್ಪು ನಂದೇ. ಆ ಹೊಲದಲ್ಲಿ ಕಾವಲಿನ ಹುಳ ಇದೆಯೋ ಇಲ್ಲವೋ ನಾನು ಸರಿಯಾಗಿ ನೋಡಿರಲಿಲ್ಲ. ಇಲ್ಲಿ ಪ್ರತಿ ಸಾಲೂ ನೋಡಿದೀನಿ. ನಾಲ್ಕನೇ ದಿನಕ್ಕೂ ಕುಡಿ ಕಪ್ಪಗೇ ಇದ್ರೆ, ಆ ಪಂಪು ನಾನೇ ಬೆನ್ನಿಗೆ ಹಾಕ್ಕೋತೀನಿ."

ಪಂಪು ಬದುವಿಗೆ ಇಳಿಯುತ್ತದೆ. ಒಳಗಿನ ಔಷಧಿಯನ್ನು ಮಾತ್ರ ಅವರು ಚೆಲ್ಲುವುದಿಲ್ಲ.

ಹೀಗೆ ಎಲ್ಲರಿಗೂ ತಾಳಿ ತಾಳಿ ಎಂದೇ ಇವರಿಗೆ ತಾಳಕ್ಕ ಎಂಬ ಹೆಸರು ಬಿದ್ದಿದೆ. ಇಟ್ಟವರು ಗೇಲಿಗೇ ಇಟ್ಟದ್ದು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಮನೆಯ ಜಗಲಿಯಲ್ಲಿ ಕೂತು ಯಾರು ಬೇಕಾದರೂ ಹೇಳಬಹುದು. ಹುಳ ಬಿದ್ದ ಹೊಲದ ನಡುವೆ ನಿಂತು, ಆ ಹೊಲ ನೆಚ್ಚಿಕೊಂಡವರ ಮುಖ ನೋಡಿ ಹೇಳುವುದಕ್ಕೆ ಗಟ್ಟಿ ಎದೆ ಬೇಕು.

ತಾಳಕ್ಕನ ತಾಯಿ ಕಂಡವರ ಹೊಲದಲ್ಲಿ ಕಳೆ ಕಿತ್ತು ಮಗಳನ್ನು ಕೃಷಿ ಡಿಪ್ಲೊಮಾ ಓದಿಸಿದವರು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇವರು ಸ್ಕೂಟರ್ ನಿಲ್ಲಿಸಿದರೆ ಜನ ಇವರ ಬೆನ್ನ ಹಿಂದೆ ಇಣುಕಿ ಸಾಹೇಬರು ಎಲ್ಲಿದ್ದಾರಮ್ಮ ಎಂದು ಕೇಳುತ್ತಿದ್ದರಂತೆ. ಆಗೆಲ್ಲ ತರಬೇತಿ ನಡೆಯುತ್ತಿದ್ದುದು ಕಚೇರಿಯ ಉದ್ದನೆಯ ಕೋಣೆಯಲ್ಲಿ. ಫ್ಯಾನು, ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಹುಳಗಳ ಬಣ್ಣದ ಪಟ. ಕುರ್ಚಿ ತುಂಬ ಗಂಡಸರು. ಅವರಿಗೆ ಹೇಳಿದ ಮಾತು ಅವರ ಜೊತೆಗೇ ಎದ್ದು ಟೀ ಅಂಗಡಿಗೆ ಹೋಗುತ್ತಿತ್ತು, ಹೊಲಕ್ಕೆ ಬರುತ್ತಿರಲಿಲ್ಲ. ಯಾಕೆಂದು ತಿಳಿಯಲು ಇವರಿಗೆ ಒಂದು ಹಂಗಾಮು ಬೇಕಾಯಿತು.

"ಬಿತ್ತೋದು, ಕಳೆ ತೆಗೆಯೋದು, ಕಾಯಿ ಬಿಡಿಸೋದು ಎಲ್ಲಾ ಹೆಂಗಸರು. ನಾನು ಪಾಠ ಹೇಳ್ತಿದ್ದ ಹೊತ್ತಲ್ಲಿ ಅವರು ಹೊಲದಲ್ಲಿ ಬಗ್ಗಿದ್ರು. ಎಲೆ ಮುಟ್ಟೋರನ್ನ ಬಿಟ್ಟು ಕುರ್ಚಿ ಮುಟ್ಟೋರಿಗೆ ಹೇಳಿದೆ," ಎಂದು ಈಗ ನಗುತ್ತಾರೆ.

ಅಂದಿನಿಂದ ಇವರ ಪಾಠ ಬೆಳಗಿನ ಜಾವದಲ್ಲಿ, ಸಾಲಿನ ನಡುವೆ. ಮೇಲಿನವರಿಗೆ ಬೇಕಾದ ಹಾಜರಿ, ಫೋಟೊ ಎಲ್ಲ ಆಮೇಲೆ. ಮನೆಯಲ್ಲಿ ಅಡುಗೆ ಅತ್ತೆಯದು, ಮಗಳ ಜಡೆ ಬಸ್ ಚಾಲಕ ಗಂಡನದು. ಜಡೆ ಒಂದೊಂದು ದಿನ ಒಂದೊಂದು ಕಡೆಗೆ ವಾಲಿರುತ್ತದೆ. ಅಡುಗೆಮನೆಯ ಕಿಟಕಿಯಲ್ಲಿ ಉಪ್ಪಿನ ಭರಣಿಯ ಪಕ್ಕ ಹುಳ ಬಿಟ್ಟ ಗಾಜಿನ ಬಾಟಲಿಗಳು ಸಾಲಾಗಿ ನಿಂತಿವೆ. ಅತ್ತೆಗೆ ಸೊಸೆಯ ಮೇಲೆ ಅಭಿಮಾನ ಇಲ್ಲದಿಲ್ಲ, ಅದು ಹೊರಬರುವ ದಾರಿ ಬೇರೆ. "ಊರವರ ಹೊಲದ ಹುಳ ಎಣಿಸ್ತಾಳೆ ನಮ್ಮ ಹುಡುಗಿ. ಮನೆ ಅಕ್ಕಿಗೆ ಹುಳ ಬಿದ್ದಿದ್ದು ನಾನೇ ಕಾಣ್ಬೇಕು," ಎನ್ನುತ್ತಾರೆ, ಕೇಳಿಸಲಿ ಎಂದೇ.

ಅಲಸಂದೆ ಹೊಲಕ್ಕೆ ತಾಳಕ್ಕ ದಿನಾ ಹೋಗುತ್ತಾರೆ. ಎರಡನೆಯ ದಿನ ಹೇನು ಹೆಚ್ಚಾಗಿದೆ. ಹೇನು ಒಸರುವ ಸಿಹಿ ಅಂಟಿಗೆ ಎಲೆಗಳು ಜಿಗುಟಾಗಿವೆ, ಇರುವೆಗಳು ಮದುವೆಮನೆಯ ನೆಂಟರಂತೆ ಸಾಲುಗಟ್ಟಿವೆ. ಹೊಲದೊಡತಿಯ ಗಂಡ ಬದುವಿನಲ್ಲೇ ಕೂತಿದ್ದಾರೆ, ಪಂಪಿನ ಪಕ್ಕ. ಬನ್ನಿ ಎನ್ನುವುದಿಲ್ಲ. ಔಷಧಿ ಅಂಗಡಿಯವರು ಬೈಕು ನಿಲ್ಲಿಸಿ, ಹುಳ ಸಾಕ್ತಿದೀರಂತೆ, ಹಾಲು ಎಷ್ಟು ಕೊಡುತ್ತೆ ಎಂದು ವಿಚಾರಿಸಿ ಹೋಗುತ್ತಾರೆ. ಆ ಸಂಜೆ ತಾಳಕ್ಕ ತಟ್ಟೆ ಸರಿಸಿ, ಕಿಟಕಿಯ ಬಾಟಲಿಗಳನ್ನು ಒಂದೊಂದಾಗಿ ದೀಪಕ್ಕೆ ಹಿಡಿದು ನೋಡುತ್ತಾರೆ. ಈ ಸಲವೂ ತಪ್ಪಿದರೆ ಆ ಹೊಲ ಒಂದೇ ಅಲ್ಲ ಹೋಗುವುದು. ಆ ಊರಿನಲ್ಲಿ ಇನ್ನು ಯಾವ ಹೆಂಗಸಿನ ಕೈಗೂ ಭೂತಗನ್ನಡಿ ಕೊಡಲು ಇವರಿಗೆ ಮುಖವಿರುವುದಿಲ್ಲ.

ಮೂರನೆಯ ದಿನ ಹೇನು ಹೆಚ್ಚಿಲ್ಲ, ಕಡಿಮೆಯೂ ಆಗಿಲ್ಲ. ಮೊಸಳೆ ಮರಿಗಳು ಮಾತ್ರ ದಪ್ಪಗಾಗಿವೆ.

ನಾಲ್ಕನೆಯ ಬೆಳಗ್ಗೆ ಸ್ಕೂಟರಿನ ಸದ್ದಿಗೆ ಹೊಲದೊಡತಿ ತಲೆಯೆತ್ತುವುದಿಲ್ಲ. ಸಾಲಿನ ನಡುವೆ ಬಗ್ಗಿ ಒಂದೊಂದೇ ಎಲೆ ಮಗುಚುತ್ತಿದ್ದಾರೆ. ಹೊಲದ ನಡುಭಾಗದ ಕುಡಿಗಳು ಎಳೆ ಹಸಿರಿಗೆ ತಿರುಗಿವೆ. ಹೇನಿನ ಒಣ ಸಿಪ್ಪೆ ಅಲ್ಲಲ್ಲಿ ಬೂದಿಯಂತೆ ಅಂಟಿದೆ. ಬದುವಿನ ಪಕ್ಕದ ಆ ಎರಡು ಸಾಲು ಮಾತ್ರ ಇನ್ನೂ ಕಪ್ಪು. ಬಳ್ಳಿ ಸೊರಗಿ ಹೂವು ಉದುರಿದೆ.

ಗಂಡ ಅದನ್ನು ನೋಡುತ್ತಾರೆ, ಹೆಂಡತಿಯ ಹೆಬ್ಬೆರಳು ನೋಡುತ್ತಾರೆ. ಪಂಪನ್ನು ಎತ್ತಿಕೊಂಡು ಮನೆಯ ಕಡೆ ನಡೆಯುತ್ತಾರೆ. ಹತ್ತು ಹೆಜ್ಜೆ ಹೋದವರು ತಿರುಗಿ, "ಟೀ ಕುಡಿದು ಹೋಗಿ ಮೇಡಂ," ಎನ್ನುತ್ತಾರೆ.

ಆ ಎರಡು ಸಾಲು ಕಿತ್ತು ಹಾಕಲೇ ಎಂದು ಹೊಲದೊಡತಿ ಕೇಳುತ್ತಾರೆ. ಇಷ್ಟವಿದ್ದರೆ ಸ್ವಲ್ಪ ದಿನ ಇರಲಿ, ಇದಕ್ಕಿಂತ ಒಳ್ಳೆಯ ಪಟ ಕಚೇರಿಯ ಗೋಡೆಯಲ್ಲೂ ಇಲ್ಲ ಎನ್ನುತ್ತಾರೆ ತಾಳಕ್ಕ. ಹೊಲದೊಡತಿ ದಾರಿಯ ಕಡೆ ನೋಡುತ್ತಾರೆ. ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವ ಜಾಗ ಅದು.

"ಇರ್ಲಿ ಬಿಡಿ. ನನ್ನ ತಪ್ಪು ನಾಲ್ಕು ಜನರಿಗೆ ಕಾಣ್ಲಿ."

ಟೀ ಕುಡಿದು ಹೊರಡುವ ಹೊತ್ತಿಗೆ ಅತ್ತಲಿನ ಹೊಲದ ಹೆಂಗಸು ಅವಸರದಲ್ಲಿ ಬರುತ್ತಾರೆ. ತಮ್ಮ ಹೊಲದಲ್ಲೂ ಹೇನು, ಜೊತೆಗೆ ಅದೆಂಥದೋ ಕಿತ್ತಳೆ ಚುಕ್ಕೆಯ ಮುಳ್ಳುಮೈಯ ಹುಳ, ಪಂಪು ಸ್ವಲ್ಪ ಕೊಡಿ ಎನ್ನುತ್ತಾರೆ. ತಾಳಕ್ಕ ಸ್ಕೂಟರಿನ ಬಳಿಯೇ ನಿಲ್ಲುತ್ತಾರೆ. ಹೆಲ್ಮೆಟ್ಟಿನ ಪಟ್ಟಿ ಸರಿಮಾಡುವವರಂತೆ ತಲೆ ತಗ್ಗಿಸುತ್ತಾರೆ. ಹೊಲದೊಡತಿ ಪಕ್ಕದವರ ಕೈ ಹಿಡಿದು ಸಾಲಿಗೆ ಕರೆದೊಯ್ಯುತ್ತಾರೆ.

"ಪಂಪು ಆಮೇಲೆ ಕೇಳು. ಇಲ್ಲಿ ನೋಡು, ಇಲ್ಲಿ ಹೊಸಕಿದ್ದೆ. ಅಲ್ಲಿ ನೋಡು, ಹೊಸಕಿಲ್ಲ. ನಿನ್ನ ಹೊಲದಲ್ಲಿ ಆ ಹುಳ ಎಷ್ಟಿದಾವೆ? ಎಲೆ ತಿರುಗಿಸಿ ನೋಡಿದೀಯಾ? ನಡಿ, ನಾನೇ ಬರ್ತೀನಿ."

ಇಬ್ಬರೂ ಬದು ದಾಟಿ ಹೋಗುವವರೆಗೂ ತಾಳಕ್ಕ ಸ್ಕೂಟರ್ ಶುರು ಮಾಡುವುದಿಲ್ಲ. ನೀವೂ ಹೋಗಬಹುದಿತ್ತಲ್ಲ ಎಂದು ಜೊತೆಗಿದ್ದ ನಾನು ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಮೇಡಂ ಹೇಳಿದ್ರು ಅಂತ ಒಂದು ಸಲಾನೂ ಅನ್ನಲಿಲ್ಲ, ಗಮನಿಸಿದ್ರಾ? ತನ್ನ ಮಾತು ಅಂತಲೇ ಹೇಳಿದಳು." ಮುಖದ ತುಂಬ ನಗು. "ಇನ್ನು ಈ ಊರಿಗೆ ನಾನು ಸ್ವಲ್ಪ ತಡವಾಗಿ ಬಂದ್ರೂ ನಡೆಯುತ್ತೆ."