ಗಿರಿಜಕ್ಕನ ಹೇರ್‌ಪಿನ್ನು

ಗಿರಿಜಕ್ಕ ನಮ್ಮ ಮನೆಗೆ ಬಂದರೆ ಮೊದಲು ಮಾತಾಡಿಸುತ್ತಿದ್ದುದು ನನ್ನನ್ನಲ್ಲ, ಮಿಕ್ಸಿಯನ್ನು. ಅದರ ಬೆನ್ನ ಮೇಲೆ ಕೈಯಿಟ್ಟು, "ಯಾಕೆ, ಗಂಟಲು ಕಟ್ಟೈತಾ?" ಎಂದು ಕೇಳುವರು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗಿದೀಯೇನೇ?" ತುರುಬಿನಲ್ಲಿ ಸದಾ ಒಂದು ಉದ್ದನೆಯ ಹೇರ್‌ಪಿನ್ನು. ಕುಕ್ಕರಿನ ಸೀಟಿ, ಸ್ಟೌವಿನ ತೂತು, ನಮ್ಮವರ ರೇಡಿಯೋ ಎಲ್ಲಕ್ಕೂ ಅದೇ ಒಂದು ಪಿನ್ನು.

ಅವರು ನಮ್ಮ ಯಜಮಾನರ ಅಕ್ಕ. ಬೆಳಗೋಡಿನ ಹತ್ತಿರ ನಮ್ಮಿಂದ ಎರಡು ಮನೆ ಆಚೆ ಇದ್ದರು. ಅವರ ಗಂಡ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೋಡಿಕೊಳ್ಳುತ್ತಿದ್ದವರು. ಗಂಡನಿಗೆ ಸ್ಪ್ಯಾನರ್ ಎತ್ತಿಕೊಡುತ್ತಲೇ ಕೆಲಸ ಕಲಿತ ಗಿರಿಜಕ್ಕ, ಅವರು ತೀರಿಕೊಂಡ ಮೇಲೆ ಆ ಪಲ್ಪರನ್ನು ತಾವೇ ವಹಿಸಿಕೊಂಡರು.

ನನಗೆ ಅವರನ್ನು ಕಂಡರೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನಾಗಬೇಕು? ನಮ್ಮನೆಯಲ್ಲಿ ಏನು ಕೆಟ್ಟರೂ ಯಜಮಾನರ ಬಾಯಲ್ಲಿ ಒಂದೇ ಮಾತು: "ಅಕ್ಕನ್ನ ಕರಿ." ನಾನು ತಟ್ಟಿದ ಅಕ್ಕಿರೊಟ್ಟಿಯನ್ನು ತುಟಿಪಿಟಕ್ಕೆನ್ನದೆ ತಿನ್ನುವವರು, ಅಕ್ಕ ಒಂದು ಫ್ಯೂಸ್ ಕಟ್ಟಿದರೆ ವಾರವಿಡೀ ಅದನ್ನೇ ಹೇಳುವರು. ಪೂಜೆಗೆ ಕೂತಾಗಲೂ ನನಗೆ ಅದೇ ಕೊರೆಯುತ್ತಿತ್ತು. ಶಿವ ಕ್ಷಮಿಸಲಿ.

ನಮ್ಮವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್. ಬೈಕಿನಿಂದ ಬಿದ್ದು ಎಡಗಾಲಿನ ಶಕ್ತಿ ಹೋಯಿತು. ಜೀವ ಉಳಿಯಿತು, ಅದೊಂದು ದಯೆ. ಬಲಗಾಲು ನೆಟ್ಟಗಿತ್ತು, ಅದು ಇನ್ನೊಂದು. ಹನ್ನೊಂದು ತಿಂಗಳು ಜಗಲಿಯಲ್ಲಿ ಕೂತಿದ್ದವರಿಗೆ ಎಸ್ಟೇಟ್ ಮಾಲೀಕರು ತಮ್ಮ ಹಳೆಯ ಆಟೋಮ್ಯಾಟಿಕ್ ಕಾರು ಕಳಿಸಿಕೊಟ್ಟರು. ಅದಕ್ಕೆ ಕ್ಲಚ್ಚಿಲ್ಲ, ಎಡಗಾಲಿನ ಕೆಲಸವೇ ಇಲ್ಲ. "ಸೋಮವಾರ ಹತ್ತು ಗಂಟೆಗೆ ನೀವೇ ಓಡಿಸ್ಕೊಂಡು ಆಫೀಸಿಗೆ ಬನ್ನಿ. ಬಂದರೆ ಕೆಲಸ ನಿಮ್ಮದೇ," ಎಂದು ಹೇಳಿ ಕಳಿಸಿದ್ದರು.

ನಡುವೆ ಆಯುಧಪೂಜೆ ಬಂತು. ಕಾರನ್ನು ತೊಳೆದು ನಾನೇ ಪೂಜೆ ಮಾಡಿದೆ. ವಿಭೂತಿಯನ್ನು ನೀರಲ್ಲಿ ಕಲಸಿ ಚಕ್ರ, ಸ್ಟೀರಿಂಗ್, ಗೇರು ಎಲ್ಲಕ್ಕೂ ಮೂರು ಗೆರೆ ಎಳೆದೆ. ಬ್ರೇಕಿನ ಹತ್ತಿರ ಬಂದಾಗ ಅವರು ಬಿದ್ದ ದಿನ ನೆನಪಾಯಿತು. ಬ್ರೇಕ್ ಯಾವತ್ತೂ ಕೈಕೊಡಬಾರದು ತಂದೆ ಎಂದುಕೊಳ್ಳುತ್ತ, ಪೆಡಲಿನಿಂದ ಹಿಡಿದು ಮೇಲೆ ಕೈ ಎಟುಕುವವರೆಗೂ ಮೆತ್ತಿದೆ.

ಸೋಮವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಾರಲ್ಲಿ ಕೂತರು. ಇಂಜಿನ್ ಶುರುವಾಯಿತು. ಆದರೆ ಗೇರು, ಗಾಡಿ ನಿಲ್ಲಿಸಿಡುವ ಪಾರ್ಕ್ ಬಿಟ್ಟು ಕದಲಲಿಲ್ಲ. ಎಳೆದರು, ಗುದ್ದಿದರು. ಪಕ್ಕದ ಮನೆಯ ಸಿದ್ದಪ್ಪ ಬಂದು ತಳ್ಳಿದರೆ ಗಾಡಿ ಬಂಡೆಯ ಹಾಗೆ ನಿಂತಿತ್ತು.

"ಎತ್ತಾಗಿದ್ರೆ ಬಾಲನಾದ್ರೂ ತಿರುಚ್ಬೋದಿತ್ತು ಕಣ್ರೀ ರೈಟ್ರೇ," ಎಂದ ಸಿದ್ದಪ್ಪ.

ನಮ್ಮವರು ನಗಲಿಲ್ಲ. "ಬುಡು ಮಾರಾಯ. ವಾಪಸ್ ಕಳ್ಸುಬುಡಾಣ. ನಂಗಿನ್ನು ಜಗಲಿನೇ ಗತಿ," ಎಂದು ಸ್ಟೀರಿಂಗಿನ ಮೇಲೆ ಹಣೆಯಿಟ್ಟರು.

ಅಕ್ಕನ್ನ ಕರಿ ಎನ್ನಲಿಲ್ಲ. ಅದೇ ನನಗೆ ಭಯವಾಯಿತು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ನಾನಾಗೇ ಗಿರಿಜಕ್ಕನನ್ನು ಕರೆಯಲು ಓಡಿದೆ.

ಸೀಸನ್ನಿಗೆ ಮುಂಚೆ ಪಲ್ಪರ್ ಬಿಚ್ಚಿ ಗ್ರೀಸ್ ಹಚ್ಚಲು ಹೊರಟಿದ್ದ ಗಿರಿಜಕ್ಕ, ಸ್ನಾನವೂ ಇಲ್ಲದೆ ಹಾಗೇ ಬಂದರು. ಬಾನೆಟ್ ಕಡೆ ನೋಡಲೂ ಇಲ್ಲ. ಕಾರಿನ ಹಿಂದೆ ಹೋಗಿ ನಿಂತರು.

"ಬ್ರೇಕ್ ಒತ್ತೋ."

"ಒತ್ತಿದೀನಿ ಅಕ್ಕ."

"ಕೆಂಪು ದೀಪ ಹತ್ತಿಲ್ಲ. ನೀನು ಒತ್ತಿದ್ದು ಗಾಡಿಗೆ ಗೊತ್ತೇ ಆಗಿಲ್ಲ ಕಣೋ. ಗೊತ್ತಾಗ್ದಲೆ ಅದು ಗೇರು ಬುಡ್ತದಾ? ಇಳಿ ಕೆಳಗೆ."

ಸೆರಗು ಸಿಕ್ಕಿಸಿಕೊಂಡು ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದರು. ಪೆಡಲಿನ ತೋಳಿನ ಮೇಲ್ಗಡೆ ಬೆರಳ ತುದಿಯಷ್ಟು ಸ್ವಿಚ್ಚು. ಬ್ರೇಕ್ ಒತ್ತಿದರೆ ಅದರ ಮೊಳೆಯಂಥ ಕಡ್ಡಿ ಹೊರಗೆ ಬರಬೇಕು, ಆಗ ದೀಪ ಹತ್ತಬೇಕು. ಅದು ಒಳಗೇ ಅಂಟಿಕೊಂಡಿತ್ತು. ಗಿರಿಜಕ್ಕ ಪಿನ್ನು ಕಿತ್ತು ಕೆರೆದರು. ತುರುಬು ಬಿಚ್ಚಿ ಕೂದಲು ಬೆನ್ನ ಮೇಲೆ ಬಿತ್ತು. ಕೈ ಹೊರಗೆ ತೆಗೆದಾಗ ಬೆರಳಲ್ಲಿ ಬಿಳಿ ಹುಡಿ. ಮೂಸಿದರು. ನನ್ನನ್ನು ನೋಡಿದರು.

ನಾನು ಮೆತ್ತಿದ ವಿಭೂತಿ. ನಮ್ಮವರ ಕೆಲಸ ಕಳೆಯಲಿದ್ದವಳು ನಾನೇ. ಈಗ ಸಿದ್ದಪ್ಪನ ಎದುರಿಗೇ ಅದು ಹೊರಬೀಳುತ್ತದೆ.

"ಏನಕ್ಕಾ ಅದು?" ಎಂದರು ನಮ್ಮವರು.

"ಧೂಳು ಕಣೋ. ಹಳೇ ಗಾಡಿ." ಬೆವರು ಒರೆಸಿಕೊಳ್ಳುವವರಂತೆ ಆ ಬೆರಳುಗಳನ್ನು ಹಣೆಗೆ ಎಳೆದುಕೊಂಡರು. ವಿಭೂತಿಯನ್ನು ಸೀರೆಗೆ ಒರೆಸುವ ಹಾಗಿಲ್ಲವಲ್ಲ.

ಮತ್ತೆ ಬ್ರೇಕ್ ಒತ್ತಿದಾಗ ಹಿಂದೆ ಕೆಂಪು ದೀಪ ಹತ್ತಿತು, ಗೇರು ಬೆಣ್ಣೆಯಂತೆ ಜಾರಿತು. "ಅಕ್ಕ, ಮುಂದೆ ಕೂತ್ಕೋ," ಎಂದರು ನಮ್ಮವರು. ನಾನು ಹಿಂದೆ ಕೂತೆ. ಹತ್ತಕ್ಕೆ ಐದು ನಿಮಿಷ ಇರುವಾಗ ಆಫೀಸು ಮುಟ್ಟಿದೆವು. ಕೆಲಸ ಉಳಿಯಿತು. ಅದು ದೊಡ್ಡ ದಯೆ, ನಿಜ. ಆದರೆ ದಾರಿಯುದ್ದಕ್ಕೂ ನಾನು ನೋಡಿದ್ದು ಮುಂದಿನ ಸೀಟಿನ ಬಿಚ್ಚಿದ ಕೂದಲನ್ನು. ಕೈಚಳಕದಲ್ಲಿ ಸೋಲಿಸಿದ್ದು ಸಾಲದೆ ಒಳ್ಳೆಯತನದಲ್ಲೂ ಸೋಲಿಸಿಬಿಟ್ಟರಲ್ಲ ಎಂದು ಉರಿದುಕೊಂಡೆ.

ಇಳಿಯುವಾಗ ಗಿರಿಜಕ್ಕ ನನ್ನ ಕಿವಿಯ ಹತ್ತಿರ ಬಂದು ಒಂದೇ ಮಾತು ಹೇಳಿದರು: "ಇನ್ಮೇಲೆ ಗಾಡಿಗೆ ಇಕ್ಕೋದಾದ್ರೆ ಹಣೇಗೆ ಇಕ್ಕೇ. ಸಂದೀಗ್ ಇಕ್ಕಬ್ಯಾಡ."

ಆರು ವರ್ಷದ ಮೇಲೆ, ಎದೆನೋವು ಎಂದು ಪಲ್ಪರಿನ ಪಕ್ಕ ಕೂತ ಗಿರಿಜಕ್ಕ ಏಳಲಿಲ್ಲ. ಕೊನೆಗೆ ಅವರ ಹಣೆಗೆ ವಿಭೂತಿ ಹಚ್ಚಿದವಳು ನಾನು. ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೋದ ಮೇಲೆ ತಡೆಯಲಾಗಲಿಲ್ಲ. ಅವತ್ತು ಕಾರು ಕೆಡಿಸಿದ್ದು ನಾನೇ ಎಂದು ನಮ್ಮವರಿಗೆ ಹೇಳಿಬಿಟ್ಟೆ.

"ಗೊತ್ತು," ಎಂದರು ಅವರು. "ಸ್ನಾನ ಮಾಡ್ದಲೆ ಬಂದೋಳ ಹಣೇಲಿ ವಿಭೂತಿ ಎಲ್ಲಿಂದ ಬಂತು? ಸಂಜೆಗೇ ಅಕ್ಕನ್ನ ಕೇಳ್ದೆ. 'ಅವಳು ನೊಂದ್ಕೋತಾಳೆ, ಗೊತ್ತಿರೋ ಹಂಗೆ ತೋರಿಸ್ಕೋಬ್ಯಾಡ' ಅಂದ್ಲು."

ಆರು ವರ್ಷ ಅಕ್ಕ ತಮ್ಮ ಇಬ್ಬರೇ ಆ ಗುಟ್ಟನ್ನು ಇಟ್ಟುಕೊಂಡಿದ್ದರು. ಗಿರಿಜಕ್ಕ ಮಣ್ಣಾಗಿ ಹನ್ನೊಂದು ದಿನವಾಗಿತ್ತು. ನನಗೆ ಮತ್ತೆ ಹೊಟ್ಟೆ ಉರಿಯಿತು.