ಕುರಿಗಂಟೆ ನುಡಿದ ಮಧ್ಯಾಹ್ನ

ಮೊನ್ನೆ ತಂತಿಯೊಂದಕ್ಕೆ ಬೆಸುಗೆ ಹಾಕುತ್ತಿದ್ದೆ. ಕಾದ ತುದಿಗೆ ರಾಳ ತಾಗಿ ಹೊಗೆ ಎದ್ದಿತು. ಆ ವಾಸನೆಗೆ ನನ್ನ ಕೈ ನಿಂತುಹೋಯಿತು. ಹೊಸದುರ್ಗದ ಬಸ್ ನಿಲ್ದಾಣದ ಹಿಂದಿದ್ದ ರಿಪೇರಿ ಅಂಗಡಿಯಲ್ಲಿ ಸದಾ ಇದೇ ವಾಸನೆ ಇರುತ್ತಿತ್ತು...

ಅಂಗಡಿಯವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ನಾನು ಹೈಸ್ಕೂಲಿನ ಚಿತ್ರಕಲಾ ಶಿಕ್ಷಕಿ. ಒಂದು ಪ್ರದರ್ಶನಕ್ಕೆ ನಾನು ಕಲ್ಪಿಸಿಕೊಂಡದ್ದು ಇಷ್ಟೇ: ಕರಿಕಂಬಳಿಯೊಂದು ತೂಗುತ್ತಿರಬೇಕು, ಯಾರಾದರೂ ಅದರ ಮುಂದೆ ಬಂದರೆ ಹಿಂದೆ ಕಟ್ಟಿದ ಕುರಿಗಂಟೆಗಳು ಅಲುಗಾಡಬೇಕು, ಕಾಣದ ಮಂದೆಯೊಂದು ಹಾದುಹೋದ ಹಾಗೆ. ಚಲನೆ ಗುರುತಿಸುವ ಹೊಸ ಸೆನ್ಸರ್ ಕೊಳ್ಳುವುದು ನನ್ನಿಂದಾಗದ ಮಾತು. ಲಾಡ್ಜುಗಳ ಮೆಟ್ಟಿಲಲ್ಲಿ ಜನ ಬಂದರೆ ತಾನಾಗಿ ಹತ್ತುವ ದೀಪಗಳಿರುತ್ತವಲ್ಲ, ಅಂಥ ಕೆಟ್ಟುಹೋದ ದೀಪಗಳನ್ನು ಚಾಚಾ ಗುಜರಿಯಿಂದ ತಂದು, ಬಿಚ್ಚಿ, ಒಳಗಿನ ಸೆನ್ಸರ್ ತೆಗೆದುಕೊಟ್ಟರು. ಅದರ ಬಿಳಿ ಗುಮ್ಮಟದ ಸುತ್ತ ಸೈಕಲ್ ಟ್ಯೂಬಿನ ತುಂಡು ತೊಡಿಸಿ ನೋಟವನ್ನು ಕಿರಿದು ಮಾಡಿದರು.

"ಇಲ್ಲಾಂದ್ರೆ ರಸ್ತೇಲಿ ಹೋಗೋ ಎಮ್ಮೇನೂ ನಿಮ್ಮ ಗಂಟೆ ಬಾರಿಸ್ತೈತೆ ಮೇಡಂ," ಎಂದು ನಕ್ಕರು.

ಕಂಬಳಿಯನ್ನು ಅಂಗಡಿಯೊಳಗೇ ತೂಗುಹಾಕಿ ಪರೀಕ್ಷಿಸುತ್ತಿದ್ದೆವು. ಆಗ ತೆಂಗಿನ ತೋಟದ ಯಜಮಾನನೊಬ್ಬ ಬಂದ. ಕಾಡುಹಂದಿ ಬಂದರೆ ಸೈರನ್ ಕೂಗಲೆಂದು ಹಿಂದೆ ಇಂಥದ್ದೇ ಸೆನ್ಸರನ್ನು ಚಾಚಾರಿಂದ ಹಾಕಿಸಿಕೊಂಡಿದ್ದನಂತೆ. ಈಗ ಸೈರನ್ ಬೇಡ, ಏನಾದರೂ ಅಲುಗಾಡಿದ ಕೂಡಲೇ ಬೇಲಿಯ ತಂತಿಗೆ ಕರೆಂಟ್ ಹರಿಯಬೇಕು ಎಂದ.

"ಬಿಸಿ ಮೈ ಅಲುಗಾಡಿದ್ದಷ್ಟೇ ಅದಕ್ಕೆ ಗೊತ್ತಾಗೋದು. ಹಂದಿ ಯಾವ್ದು, ಕೂಲಿ ಹೆಣ್ಮಕ್ಳು ಯಾರು, ಅದಕ್ಕೇನ್ ಗೊತ್ತು? ನಿಮ್ಮ ತೋಟದ ಹಾದೀಲಿ ಜನ ಓಡಾಡ್ತಾರ್ರಿ," ಎಂದರು ಚಾಚಾ.

"ನನ್ನ ತೋಟದಾಗೆ ಯಾಕ್ ನುಗ್ತಾರೆ? ಬಾಯಿ ಮುಚ್ಕಂಡು ಮಾಡ್ಕೊಡಲೇ."

"ಮಾಡಲ್ಲ."

ಮೊದಲ ಏಟು ಚಾಚಾರ ಕೆನ್ನೆಗೆ ಬಿತ್ತು. ಕನ್ನಡಕ ಹಾರಿತು. ಎರಡನೆಯದು ಹೊಟ್ಟೆಗೆ. ಅವನು ತೋಳು ಬೀಸಿದಾಗಲೆಲ್ಲ ಸೆನ್ಸರ್ ಅದನ್ನು ಕಂಡಿತು, ಗಂಟೆಗಳು ನುಡಿದವು. ಏಟು... ಗಂಟೆ. ಮತ್ತೆ ಏಟು... ನಾನು ಅವನ ಅಂಗಿ ಹಿಡಿದೆಳೆದೆ. ಮೊಣಕೈಯಿಂದ ತಿವಿದ, ನನ್ನ ಬೆನ್ನು ಕಪಾಟಿಗೆ ಬಡಿಯಿತು. ಕೆಳಗೆ ಬಿದ್ದ ಚಾಚಾ ತೆವಳಿ ಹೊಸ್ತಿಲ ಮೇಲೆ ಬಲಗೈ ಊರಿದರು. ಅವನು ಅವರನ್ನು ದಾಟಿ ಹೊರಗೆ ನಿಂತು, ಎರಡೂ ಕೈಯಿಂದ ಶಟರ್ ಎಳೆದ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಕತ್ತಲಾಯಿತು. ಕೆಳಗಿನ ಸಂದಿಯಲ್ಲಿ ಅವನ ಚಪ್ಪಲಿ ಮಾತ್ರ ಕಾಣುತ್ತಿತ್ತು. ಶಟರಿನ ಅಂಚನ್ನು ತುಳಿದು ನಿಂತಿದ್ದ.

"ಈಗ ಮಾಡ್ತೀಯೇನಲೇ?"

ಚಾಚಾರ ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. "ಒಂದೇ ಕೈಲಿ ಆಗಲ್ರೀ, ಯಜಮಾನ್ರೇ," ಎಂದರು.

ಪಕ್ಕದ ಟೀ ಅಂಗಡಿಯವರು ಬಂದು ಅವನನ್ನು ಎಳೆದು, ಶಟರ್ ಎತ್ತಿದರು. ಹೊಸ್ತಿಲ ತುಂಬ ರಕ್ತವಿತ್ತು.

ಕೇಸಾಯಿತು, ಕಂಡಷ್ಟನ್ನು ಸಾಕ್ಷಿ ಹೇಳಿದೆ. ಊರಿನ ಬೇರೆ ರಿಪೇರಿಯವರೂ ಅವನ ಬೇಲಿಯ ಕೆಲಸ ಮುಟ್ಟಲಿಲ್ಲ. ಚಾಚಾರ ಎರಡು ಬೆರಳು ತೆಗೆಯಬೇಕಾಯಿತು. ಮತ್ತೆ ಬೆಸುಗೆ ಹಾಕಲಾಗದೆ ಅಂಗಡಿ ಮುಚ್ಚಿದರು. ಕಳೆದ ವರ್ಷ ತೀರಿಕೊಂಡರು...

ಇವತ್ತು ಬೆಳಿಗ್ಗೆ ಆ ತೋಟದ ಕಡೆ ಹೋಗಿದ್ದೆ. ಕೂಲಿ ಹೆಂಗಸರು ಬೇಲಿಯ ಕೆಳತಂತಿಯನ್ನು ಬರಿಗೈಯಲ್ಲಿ ಎತ್ತಿ ಒಬ್ಬೊಬ್ಬರಾಗಿ ನುಸುಳುತ್ತಿದ್ದರು. ಅವರಿಗೆ ಚಾಚಾರ ವಿಷಯ ಹೇಳಬೇಕೆನಿಸಿತು.

"ಬರ್ರಿ ಮೇಡಂ, ಇಲ್ಲಿಂದ ಹತ್ರ ಆಗ್ತೈತೆ," ಎಂದಳು ಕೊನೆಯವಳು.

ತಂತಿಯನ್ನು ನಾನೂ ಹಿಡಿದೆ. ಇಬ್ಬನಿಗೆ ತಣ್ಣಗಿತ್ತು.