ಅಪ್ಪನ ಹೆಸರಿನ ಕೆಳಗಿನ ಸಾಲು

ಇದು 1998ರ ಮಾತು. ಆಗ ನಾನು ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಗಂಡನ ಮನೆ ಅದೇ ಊರಿನ ದುರ್ಗಿಗುಡಿ, ತವರು ಭದ್ರಾವತಿಯ ಜನ್ನಾಪುರ. ಅಪ್ಪ ಅಲ್ಲಿನ ಒಂದು ಕಾರ್ಖಾನೆಯ ಫೌಂಡ್ರಿಯಲ್ಲಿ ಮೂವತ್ತು ವರ್ಷ ಮೋಲ್ಡರ್ ಆಗಿ ದುಡಿದು ನಿವೃತ್ತರಾಗಿದ್ದರು. ಮೋಲ್ಡರ್ ಎಂದರೆ ಮರಳಿನಲ್ಲಿ ಅಚ್ಚು ಕಟ್ಟುವವರು. ಕರಗಿದ ಲೋಹವನ್ನು ಆ ಅಚ್ಚಿಗೆ ಸುರಿದು ಬೇಕಾದ ಸಾಮಾನು ಮಾಡುತ್ತಾರೆ. ಆದರೆ ಕೆಲಸಕ್ಕೆ ಸೇರುವಾಗ ತುಂಬಿದ ಫಾರಂನಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ಫೌಂಡ್ರಿ ಸೂಪರ್‌ವೈಸರ್’ ಎಂದು ಬರೆದಿದ್ದೆ. ಲೆಕ್ಚರರ್‌ಗಳ ಜೊತೆ ಕೂತು ಊಟ ಮಾಡುವವಳಿಗೆ ಮೈಗೆಲ್ಲ ಮರಳು ಮೆತ್ತಿಕೊಂಡ ಅಪ್ಪ ಬೇಡವಾಗಿದ್ದರು. ಈಗ ಅದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಕಾಲೇಜಿಗೆ ಜರ್ಮನಿಯಿಂದ ಒಬ್ಬ ಅತಿಥಿ ಬರುವವರಿದ್ದರು. ಎರಕದ ಕೆಲಸದ ಬಗ್ಗೆ ಉಪನ್ಯಾಸ, ಮಾರನೆಯ ದಿನ ವರ್ಕ್‌ಶಾಪಿನಲ್ಲಿ ಪ್ರಾತ್ಯಕ್ಷಿಕೆ. ಅವರು ಕಳಿಸಿದ ಕಾರ್ಡಿನಲ್ಲಿ ‘ಹಾನರರಿ ಪ್ರೊಫೆಸರ್’ ಎಂದಿತ್ತು. ಪ್ರಿನ್ಸಿಪಾಲರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದೇನಮ್ಮ, ಸಪ್ಪೆ ಆಯ್ತು. ಪ್ರೊಫೆಸರ್ ಮತ್ತು ವಿಭಾಗದ ಮುಖ್ಯಸ್ಥರು ಅಂತ ಟೈಪ್ ಮಾಡು. ಒಂದು ಮಾತು ಜಾಸ್ತಿ ಹಾಕಿದ್ರೆ ಯಾರು ಬೇಡ ಅಂತಾರೆ?” ಎಂದರು. ನಮ್ಮ ಕಡೆ ಪದ್ಧತಿಯೇ ಹಾಗೆ. ಸಂಘದ ಖಜಾಂಚಿ ಅತಿಥಿಯಾಗಿ ಬಂದರೆ ಬ್ಯಾನರಿನಲ್ಲಿ ಅಧ್ಯಕ್ಷರಾಗಿಬಿಡುತ್ತಾರೆ. ನಾನು ಟೈಪ್ ಮಾಡಿಕೊಟ್ಟೆ. ಪೇಂಟರ್ ಅದನ್ನೇ ಬಟ್ಟೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ದೊಡ್ಡದಾಗಿ ಬರೆದ.

ಅತಿಥಿ ಬಂದರು. ಅರವತ್ತರ ಆಸುಪಾಸಿನ ಎತ್ತರದ ಮನುಷ್ಯ. ಗೇಟಿನಲ್ಲಿ ಬ್ಯಾನರ್ ಓದಿದವರೇ ಅಲ್ಲೇ ನಿಂತುಬಿಟ್ಟರು. ಹಾರ ಹಿಡಿದವರು ಹಿಡಿದುಕೊಂಡೇ ಇದ್ದರು. “ಇದನ್ನು ಅಳಿಸದೆ ನಾನು ವೇದಿಕೆ ಹತ್ತುವುದಿಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಪ್ರಿನ್ಸಿಪಾಲರು ಗಾಬರಿಯಾದರು.

ಆಫೀಸಿನಲ್ಲಿ ಕೂರಿಸಿ ಕಾಫಿ ಕೊಟ್ಟಾಗ ಅವರೇ ಬಿಡಿಸಿ ಹೇಳಿದರು. ಅವರ ಹೊಟ್ಟೆಪಾಡಿನ ಕೆಲಸ ಒಂದು ಎರಕದ ಕಾರ್ಖಾನೆಯಲ್ಲಿ. ಅವರ ಅನುಭವ ನೋಡಿ ಯೂನಿವರ್ಸಿಟಿ ಈ ಪದವಿ ಕೊಟ್ಟಿದೆ. ಪ್ರೊಫೆಸರ್ ಎಂದು ಕರೆಸಿಕೊಳ್ಳಬಹುದು, ಆದರೆ ಅವರು ಅಲ್ಲಿನ ನೌಕರರಲ್ಲ, ಸಂಬಳವಿಲ್ಲ, ವಿಭಾಗದ ಮೇಲೆ ಅಧಿಕಾರವೂ ಇಲ್ಲ. ಬದಲಿಗೆ ಒಂದು ಕರ್ತವ್ಯವಿದೆ. ವಾರಕ್ಕೆ ಎರಡು ಗಂಟೆ ಪಾಠ ಮಾಡಲೇಬೇಕು. ಕಾರಣವಿಲ್ಲದೆ ಪಾಠ ನಿಲ್ಲಿಸಿದರೆ ಪದವಿಯನ್ನು ವಾಪಸ್ ತೆಗೆದುಕೊಳ್ಳುತ್ತಾರೆ. “ಇಲ್ಲದ ಪದವಿ ಹಾಕಿಕೊಂಡರೆ ನಮ್ಮಲ್ಲಿ ಅಪರಾಧ. ಅದಿರಲಿ, ನನಗೆ ಇರುವುದೇ ಸಾಕು” ಎಂದು ನಕ್ಕರು. ಅಷ್ಟರಲ್ಲಿ ಪೇಂಟರ್ ಏಣಿ ಹತ್ತಿ ಮುಖ್ಯಸ್ಥರ ಮೇಲೆ ಬಿಳಿ ಬಣ್ಣ ಬಳಿಯುತ್ತಿದ್ದ. ನನಗೆ ನನ್ನ ಫಾರಂ ನೆನಪಾಗಿ ಒಳಗೊಳಗೇ ಚುಚ್ಚಿತು.

ಮಧ್ಯಾಹ್ನ ವರ್ಕ್‌ಶಾಪಿನಲ್ಲಿ ಮಾರನೆಯ ದಿನದ ತಾಲೀಮು. ಅಲ್ಯೂಮಿನಿಯಂ ಕರಗಿಸಿ ಒಂದು ಸಣ್ಣ ಚಕ್ರ ಎರಕ ಹೊಯ್ಯುವುದು. ಎರಡು ಸಲ ಹೊಯ್ದರು, ಎರಡು ಸಲವೂ ಚಕ್ರದ ತುಂಬಾ ತೂತು. ಅತಿಥಿ ಕೈಚೆಲ್ಲಿದರು. ಅವರ ಕಾರ್ಖಾನೆಯಲ್ಲಿ ಅಚ್ಚು ಕಟ್ಟುವುದು ಯಂತ್ರ, ನಮ್ಮ ಹೊಳೆಯ ಮರಳಿನ ಗುಣ ಅವರಿಗೆ ಗೊತ್ತಿಲ್ಲ. ಮಾರನೆಯ ದಿನ ಆಡಳಿತ ಮಂಡಳಿಯವರೆಲ್ಲ ಬರುವವರು. ಪ್ರಿನ್ಸಿಪಾಲರು ಆಫೀಸಿಗೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು. ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, “ಸರೋಜಾ, ನಿಮ್ಮ ತಂದೆ ಫೌಂಡ್ರಿ ಸೂಪರ್‌ವೈಸರ್ ಅಲ್ವೇನಮ್ಮ? ಕರ್ಕೊಂಡು ಬರ್ತೀಯಾ?” ಎಂದರು.

ಇಲ್ಲ ಎನ್ನುವಂತಿಲ್ಲ, ನಿಜ ಹೇಳುವ ಧೈರ್ಯವೂ ಇಲ್ಲ. ಸಂಜೆ ಭದ್ರಾವತಿ ಬಸ್ಸು ಹತ್ತಿದೆ. ಅಪ್ಪ ಒಂದೇ ಮಾತಿಗೆ ಒಪ್ಪಿದರು. “ಬರ್ತೀನಿ ಕಣೆ, ಅದಕ್ಕೇನಂತೆ. ಮರಳು ಎಲ್ಲಿಂದ ತಂದಿದಾರೆ ಅಂತ ಕೇಳಿದ್ಯಾ?” ಅಷ್ಟೇ ಅವರ ಚಿಂತೆ.

ಬೆಳಿಗ್ಗೆ ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಚೀಲದಲ್ಲಿ ತಮ್ಮ ಕರಣೆ ಮತ್ತು ಒಂದು ಸೈಕಲ್ ಚಕ್ರದ ಕಡ್ಡಿ ಇಟ್ಟುಕೊಂಡು ಬಂದರು. ವರ್ಕ್‌ಶಾಪಿನ ಮೇಜಿನ ಮೇಲೆ ಇಡಲು ನಾನು ಅವರ ಹೆಸರಿನ ಫಲಕ ಟೈಪ್ ಮಾಡಿದ್ದೆ. ಮೇಲೆ ‘ಶ್ರೀ ರಂಗಪ್ಪ’, ಕೆಳಗೆ ‘ನಿವೃತ್ತ ಫೌಂಡ್ರಿ ಸೂಪರ್‌ವೈಸರ್’. ಅಪ್ಪ ಕನ್ನಡಕ ಹಾಕಿಕೊಂಡು ಓದಿದರು.

“ಇದ್ಯಾರು ಮಾರಾಯ್ತಿ? ನಾನು ಯಾವತ್ತು ಸೂಪರ್‌ವೈಸರ್ ಆಗಿದ್ದೆ?”

“ಇರ್ಲಿ ಬಿಡಪ್ಪ, ಎಲ್ಲರೂ ನೋಡ್ತಿದಾರೆ” ಎಂದು ಪಿಸುಗುಟ್ಟಿದೆ.

“ನೋಡ್ಲಿ. ನಮ್ಮ ಸೂಪರ್‌ವೈಸರ್ ಪುಣ್ಯಾತ್ಮ ಇನ್ನೂ ಬದುಕಿದಾನೆ. ಮೋಲ್ಡರ್ ಅಂತ ಹಾಕು.” ಜೋರಾಗಿಯೇ ಹೇಳಿದರು. ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅತಿಥಿ ಏನೆಂದು ವಿಚಾರಿಸಿದರು. ಲೆಕ್ಚರರ್ ಸುರೇಶ್ ಇಂಗ್ಲಿಷಿನಲ್ಲಿ ಹೇಳಿದಾಗ ಆ ಮನುಷ್ಯ ನಗಲಿಲ್ಲ. ನೇರ ಬಂದು ಅಪ್ಪನ ಕೈ ಹಿಡಿದು ಕುಲುಕಿದರು. ನಾನು ಓಡಿಹೋಗಿ ಹೊಸ ಫಲಕ ಟೈಪ್ ಮಾಡಿ ತಂದೆ.

ಅಪ್ಪ ಒಂದು ಮುಷ್ಟಿ ಮರಳು ಹಿಸುಕಿ, ಉಂಡೆಯನ್ನು ಮುರಿದು ನೋಡಿದರು. “ನೀರು ಜಾಸ್ತಿ ಆಗಿದೆ. ಆವಿ ಹೋಗಕ್ಕೆ ದಾರಿನೂ ಇಲ್ಲ. ತೂತು ಬೀಳದೆ ಇನ್ನೇನಾಗತ್ತೆ?” ಒಣ ಮರಳು ಬೆರೆಸಿ, ಜರಡಿ ಹಿಡಿದು, ಅಚ್ಚು ಕಟ್ಟಿ, ಸೈಕಲ್ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ ಗಾಳಿಗೆ ದಾರಿ ಮಾಡಿದರು. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಪಾಠ ಹೇಳುತ್ತಿತ್ತು. ಮರಳು ಗುದ್ದಿದ್ದು ಹೆಚ್ಚಾದರೆ ಏನಾಗುತ್ತದೆ, ಕಡಿಮೆಯಾದರೆ ಏನಾಗುತ್ತದೆ ಎಂದು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಿ ತೋರಿಸಿದರು. ಲೋಹ ಸುರಿದು, ಆರಿದ ಮೇಲೆ ಅಚ್ಚು ಒಡೆದರು. ಚಕ್ರದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಇಡೀ ವರ್ಕ್‌ಶಾಪು ಚಪ್ಪಾಳೆ ತಟ್ಟಿತು. ನನಗೆ ಅಳು ಬಂತು.

ಅತಿಥಿ ಸುರೇಶರ ಮೂಲಕ ಅಪ್ಪನನ್ನು ಕೇಳಿದರು: “ನೀವು ಪಾಠ ಮಾಡಲು ಎಲ್ಲಿ ಕಲಿತಿರಿ?”

“ಕಲಿಯೋದೇನು ಬಂತು ಸಾರ್. ರಿಟೈರ್ ಆದಾಗಿಂದ ಭಾನುವಾರ ಭಾನುವಾರ ಐಟಿಐ ಹುಡುಗರು ಮನೆಗೆ ಬರ್ತಾರೆ. ಹಿತ್ತಿಲಲ್ಲಿ ಹೇಳ್ಕೊಡ್ತೀನಿ.”

“ಸಂಬಳ?”

“ಅದಕ್ಕೆಲ್ಲ ಏನು ತಗೊಳ್ಳೋದು!”

“ಯಾವಾಗಲಾದರೂ ನಿಲ್ಲಿಸಿದ್ದೀರಾ?”

“ಈ ಮಗಳ ಮದುವೆ ದಿನ ಒಂದು ಭಾನುವಾರ ತಪ್ಪಿತ್ತು.”

ಅತಿಥಿ ಕೇಳುತ್ತಾ ಕೇಳುತ್ತಾ ಒಂದೊಂದೇ ಬೆರಳು ಮಡಿಸುತ್ತಿದ್ದರು. ಕೊನೆಗೆ ಪ್ರಿನ್ಸಿಪಾಲರಿಗೆ, “ಪದವಿ ಕೊಡುವ ಅಧಿಕಾರ ನನಗಿಲ್ಲ, ಯೂನಿವರ್ಸಿಟಿ ಕೇಳುವ ಪ್ರಬಂಧಗಳನ್ನೂ ಇವರು ಬರೆದಿಲ್ಲ. ಆದರೆ ಯೂನಿವರ್ಸಿಟಿಯ ಹೊರಗೆ ದುಡಿದವರು, ಸಂಬಳವಿಲ್ಲದೆ ಕಲಿಸುವವರು, ಬಿಡದೆ ಕಲಿಸುವವರು. ನನ್ನ ಕರ್ತವ್ಯದ ಪಟ್ಟಿಯನ್ನು ಇವರು ನನಗಿಂತ ಚೆನ್ನಾಗಿ ಪಾಲಿಸಿದ್ದಾರೆ” ಎಂದರು. ಅಪ್ಪನಿಗೆ ಇದು ಅರ್ಥವಾಯಿತೋ ಇಲ್ಲವೋ, ಕೈಗಂಟಿದ ಮರಳು ಕೊಡವಿಕೊಳ್ಳುತ್ತಾ ನಿಂತಿದ್ದರು.

ಆಮೇಲೆ ಕಾಲೇಜಿನವರೇ ಕೇಳಿಕೊಂಡಿದ್ದಕ್ಕೆ ಅಪ್ಪ ಆರು ವರ್ಷ, ಪ್ರತಿ ಗುರುವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು ಪಾಠ ಮಾಡಿದರು. ಈಗ ಅವರಿಲ್ಲ. ಆ ಎರಡನೆಯ ಫಲಕ ನನ್ನ ಬೀರುವಿನಲ್ಲಿದೆ.

ಪ್ರಾತ್ಯಕ್ಷಿಕೆಯ ಸಂಜೆಯೇ ನಾನು ಒಂದು ಅರ್ಜಿ ಟೈಪ್ ಮಾಡಿ ಪ್ರಿನ್ಸಿಪಾಲರ ಮುಂದಿಟ್ಟಿದ್ದೆ. ನನ್ನ ದಾಖಲೆಯಲ್ಲಿ ತಂದೆಯ ಉದ್ಯೋಗ ತಪ್ಪಾಗಿದೆ, ‘ಮೋಲ್ಡರ್’ ಎಂದು ತಿದ್ದಬೇಕು ಎಂದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಓದಿ ಪೆನ್ನು ತೆಗೆದರು.

“ಎಲ್ಲರೂ ಹೆಚ್ಚಿಸಿ ಬರ್ಕೊಳ್ತಾರೆ, ನೀನು ಇಳಿಸ್ತಿದೀಯಲ್ಲಮ್ಮ” ಎಂದರು.

“ಇಳಿಸ್ತಾ ಇಲ್ಲ ಸಾರ್” ಎಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಆ ಕೋಣೆಯಲ್ಲಿ ಎಂದೂ ಕೇಳಿಸಿರಲಿಲ್ಲ.